ಹಳೆಯ ಟ್ರ್ಯಾಕ್ಟರ್‌ನ ಪವರ್ ಸ್ಟೀರಿಂಗ್ ಎಣ್ಣೆ ಸೋರಿದರೆ: ಸೀಲ್ ಹಾಕಿಸುವುದೋ, ಭಾಗವನ್ನೇ ಬದಲಿಸುವುದೋ?

ಭದ್ರಾ ಕಾಲುವೆಗೆ ನೀರು ಬಿಟ್ಟರೆ ನಮ್ಮ ಕಡೆ ಟ್ರ್ಯಾಕ್ಟರ್‌ಗಳಿಗೆ ಹಗಲು ರಾತ್ರಿಯ ಭೇದವಿರುವುದಿಲ್ಲ. ಗದ್ದೆಗೆ ನೀರು ನಿಲ್ಲಿಸಿ, ಕೇಜ್‌ವೀಲ್ ಹಾಕಿ, ಕೆಸರು ಮಾಡಿ ನಾಟಿಗೆ ಬಿಟ್ಟುಕೊಡುವ ಆ ಕೆಲವೇ ದಿನಗಳಲ್ಲಿ ಹಳೆಯ ಗಾಡಿಯ ಹಳೆಯ ಕಾಯಿಲೆಗಳೆಲ್ಲ ಒಟ್ಟಿಗೆ ಹೊರಬೀಳುತ್ತವೆ. ಅವುಗಳಲ್ಲಿ ನನ್ನನ್ನು ಹೆಚ್ಚು ಸತಾಯಿಸಿದ್ದು ಪವರ್ ಸ್ಟೀರಿಂಗ್ ಎಣ್ಣೆಯ ಸೋರಿಕೆ. ಬೆಳಿಗ್ಗೆ ಶೆಡ್ಡಿನಿಂದ ಗಾಡಿ ತೆಗೆದ ಮೇಲೆ ನೆಲದಲ್ಲಿ ಅಂಗೈ ಅಗಲದ ಕಲೆ ಕಂಡರೆ ಸಾಕು, ಸಲಹೆ ಕೊಡುವವರು ಸುತ್ತ ಸೇರುತ್ತಾರೆ. ಎಣ್ಣೆ ಹಾಕಿಕೊಂಡು ಓಡಿಸು ಎನ್ನುವವರು, ಎಣ್ಣೆ ತಡೆಯುವ ರಬ್ಬರ್ ಸೀಲ್ ಹಾಕಿಸು ಎನ್ನುವವರು, ಹೊಸದನ್ನೇ ತಂದು ಕೂರಿಸು ಎನ್ನುವವರು, ಈ ಗೊಡವೆಯೇ ಬೇಡ, ಬಿಚ್ಚಿ ಸಾದಾ ಸ್ಟೀರಿಂಗ್ ಮಾಡಿಸು ಎನ್ನುವವರು. ಯಾರೂ ಪೂರ್ತಿ ತಪ್ಪು ಹೇಳುತ್ತಿಲ್ಲ. ಆದರೆ ಯಾವ ಮಾತು ಯಾವ ಸೋರಿಕೆಗೆ ಹೊಂದುತ್ತದೆ ಎಂದು ತಿಳಿಯದೆ ಹೋದರೆ ಒಂದೇ ಕೆಲಸಕ್ಕೆ ಮೂರು ಸಲ ದುಡ್ಡು ಕೊಡಬೇಕಾಗುತ್ತದೆ. ನಾನು ಕೊಟ್ಟಿದ್ದೇನೆ.

ನಾನು ಇಲ್ಲಿ ಬರೆಯುತ್ತಿರುವುದು ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಗೆಯ ಪವರ್ ಸ್ಟೀರಿಂಗ್ ಬಗ್ಗೆ. ಎಂಜಿನ್ ತಿರುಗಿಸುವ ಒಂದು ಗೇರ್ ಪಂಪ್, ಸ್ಟೀರಿಂಗ್ ಚಕ್ರದ ಕೆಳಗೆ ಕೂರುವ ಯೂನಿಟ್, ಮುಂದಿನ ಆ್ಯಕ್ಸಲ್ ಮೇಲೆ ಎಡಕ್ಕೂ ಬಲಕ್ಕೂ ತಳ್ಳುವ ಸಿಲಿಂಡರ್, ಇವುಗಳ ನಡುವೆ ಹೋಸ್ ಪೈಪುಗಳು, ಮತ್ತು ಎಣ್ಣೆಯ ಡಬ್ಬಿ. ಆ ಯೂನಿಟ್‌ಗೆ ಮೆಕ್ಯಾನಿಕ್‌ಗಳೆಲ್ಲ ಆರ್ಬಿಟ್ರೋಲ್ ಎನ್ನುತ್ತಾರೆ. ಅದು ಮೂಲದಲ್ಲಿ ಒಂದು ಬ್ರ್ಯಾಂಡಿನ ಹೆಸರು, ಈಗ ಯಾರು ತಯಾರಿಸಿದರೂ ಅದೇ ಹೆಸರಿನಿಂದ ಕರೆಯುವುದು ರೂಢಿಯಾಗಿದೆ. ಈ ವ್ಯವಸ್ಥೆಯಲ್ಲಿ ಸ್ಟೀರಿಂಗ್ ಚಕ್ರಕ್ಕೂ ಮುಂದಿನ ಗಾಲಿಗಳಿಗೂ ನಡುವೆ ಕಬ್ಬಿಣದ ಸಂಬಂಧವೇ ಇಲ್ಲ, ಇರುವುದು ಎಣ್ಣೆಯ ಸಂಬಂಧ ಮಾತ್ರ. ಎಂಜಿನ್ ನಿಂತರೂ ಕೈಬಲದಿಂದ ಚಕ್ರ ತಿರುಗಿಸಿ ಗಾಲಿ ಹೊರಳಿಸಬಹುದು, ಭಾರವಾಗುತ್ತದೆ ಅಷ್ಟೆ. ಏಕೆಂದರೆ ಆರ್ಬಿಟ್ರೋಲ್‌ನ ಒಳಗಿನ ಗೇರ್ ಆಗ ಕೈಪಂಪಿನಂತೆ ಕೆಲಸ ಮಾಡುತ್ತದೆ. ಆದರೆ ಸಿಲಿಂಡರಿನ ಪೈಪ್ ಒಡೆದು ಎಣ್ಣೆಯೇ ಹೊರಟುಹೋದರೆ ಕೈಬಲಕ್ಕೂ ಆಸರೆಯಿಲ್ಲ. ಕಬ್ಬು ತುಂಬಿದ ಟ್ರೇಲರ್ ಎಳೆದುಕೊಂಡು ಏರಿಯ ಮೇಲೆ ಹೋಗುತ್ತಿರುವಾಗ ಹಾಗಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಜಾಗ ಹುಡುಕಿ

ನೆಲದ ಮೇಲಿನ ಕಲೆಯನ್ನು ನಂಬಬೇಡಿ. ಎಣ್ಣೆ ಒಂದು ಕಡೆ ಹೊರಬಂದು, ಪೈಪಿನ ಬೆನ್ನ ಮೇಲೆ ಹರಿದು, ಫ್ಯಾನಿನ ಗಾಳಿಗೆ ಹಿಂದಕ್ಕೆ ಹಾರಿ, ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಡೀಸೆಲ್ ಮತ್ತು ಬ್ರಷ್ ಹಿಡಿದು ಪಂಪಿನಿಂದ ಸಿಲಿಂಡರ್‌ವರೆಗೆ ಎಲ್ಲವನ್ನೂ ತೊಳೆದು, ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಒಣಗಿದ ಮೇಲೆ ಅನುಮಾನವಿರುವ ಜೋಡಣೆಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನೋ ನುಣ್ಣನೆಯ ವಿಭೂತಿಯನ್ನೋ ಉದುರಿಸಿ. ರಂಗೋಲಿ ಪುಡಿ ಮಾತ್ರ ಬೇಡ, ಅದು ಕಲ್ಲಿನ ಪುಡಿ, ಸಿಲಿಂಡರಿನ ರಾಡಿಗೆ ಅಂಟಿದರೆ ಗೀರು ಹಾಕುತ್ತದೆ. ಆಮೇಲೆ ಎಂಜಿನ್ ಚಾಲೂ ಮಾಡಿಸಿ, ಮನೆಯವರೊಬ್ಬರು ಚಕ್ರವನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಲಿ. ಪೌಡರ್ ಎಲ್ಲಿ ಮೊದಲು ಒದ್ದೆಯಾಗುತ್ತದೋ, ಒದ್ದೆಯಾದ ಜಾಗಗಳಲ್ಲಿ ಯಾವುದು ಎಲ್ಲಕ್ಕಿಂತ ಮೇಲಿದೆಯೋ, ಅದೇ ಮೂಲ.

ಈ ಹೊತ್ತಿನಲ್ಲಿ ಕೈಯಿಂದ ತಡವಿ ನೋಡಬಾರದು. ಸ್ಟೀರಿಂಗ್ ಪೈಪಿನಲ್ಲಿ ಒತ್ತಡ ಸುಲಭವಾಗಿ 100 ಬಾರ್ ದಾಟುತ್ತದೆ, ಬೈಕಿನ ಟೈರಿನಲ್ಲಿ ಇರುವುದು ಎರಡು ಬಾರಿನ ಆಸುಪಾಸು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದೆಯೇ ಚರ್ಮವನ್ನು ಸೀಳಿ ಒಳಗೆ ಹೋಗಬಲ್ಲದು. ಹೊರಗೆ ಸಣ್ಣ ಚುಚ್ಚಿದ ಗುರುತು, ಒಳಗೆ ಮಾಂಸ ಕೊಳೆಯಲು ಶುರು. ಹಾಗೇನಾದರೂ ಆದರೆ ಅರಿಸಿನ ಹಚ್ಚಿ ಕೂರದೆ, ನೋವಿಲ್ಲದಿದ್ದರೂ ಆಗಲೇ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಹೋಗಬೇಕು, ಒತ್ತಡದ ಎಣ್ಣೆ ಚುಚ್ಚಿದೆ ಎಂದು ಬಾಯಿಬಿಟ್ಟು ಹೇಳಬೇಕು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡನ್ನು ಪೈಪಿನ ಉದ್ದಕ್ಕೂ ಹಿಡಿದು ಸರಿಸಿದರೆ ಸಾಕು, ರಟ್ಟು ಒದ್ದೆಯಾಗುತ್ತದೆ.

ಇನ್ನು ಎರಡು ಸಂದರ್ಭಗಳಿಗೆ ಈ ಹುಡುಕಾಟ ಹೊಂದುವುದಿಲ್ಲ. ಡಬ್ಬಿಯ ಮುಚ್ಚಳದ ಸುತ್ತ ಮಾತ್ರ ಎಣ್ಣೆಯಿದ್ದರೆ ಅಳತೆ ಮೀರಿ ಹಾಕಿರಬಹುದು, ಬಿಸಿಯಾದಾಗ ಎಣ್ಣೆ ಉಬ್ಬಿ ಮುಚ್ಚಳದ ಗಾಳಿರಂಧ್ರದಿಂದ ಹೊರಬರುತ್ತದೆ. ಅದಕ್ಕೆ ರಿಪೇರಿ ಬೇಡ. ಡಬ್ಬಿಯಲ್ಲಿ ಎಣ್ಣೆ ಇಳಿಯುತ್ತಲೇ ಇದೆ, ನೆಲದಲ್ಲಿ ಮಾತ್ರ ಒಂದು ಹನಿಯೂ ಇಲ್ಲ ಎಂದಾದರೆ ಎಂಜಿನ್ನಿನ ಡಿಪ್‌ಸ್ಟಿಕ್ ತೆಗೆದು ನೋಡಿ. ಎಂಜಿನ್ ಎಣ್ಣೆ ಏರಿದ್ದರೆ ಪಂಪಿನ ಶಾಫ್ಟ್ ಸೀಲ್ ಹೋಗಿದೆ. ಸ್ಟೀರಿಂಗ್ ಎಣ್ಣೆ ಟೈಮಿಂಗ್ ಗೇರ್‌ಗಳ ಕಡೆಯಿಂದ ಎಂಜಿನ್ನಿನೊಳಕ್ಕೆ ಇಳಿಯುತ್ತಿದೆ.

ಎಣ್ಣೆ ಹಾಕಿಕೊಂಡು ಓಡಿಸುವುದು

ಇದನ್ನು ನಾನು ತಳ್ಳಿಹಾಕುವುದಿಲ್ಲ. ನಾಟಿಯ ನಡುವೆ ಗಾಡಿ ಬಿಚ್ಚಿ ಕೂತರೆ ಆಗುವ ನಷ್ಟ ಎಣ್ಣೆಯ ಬೆಲೆಗಿಂತ ಎಷ್ಟೋ ಪಾಲು ದೊಡ್ಡದು. ಲೆಕ್ಕ ಹೀಗಿದೆ: ಸುಮಾರು 20ರಿಂದ 30 ಹನಿ ಸೇರಿದರೆ ಒಂದು ಮಿಲಿಲೀಟರ್. ಹತ್ತು ಸೆಕೆಂಡಿಗೆ ಒಂದು ಹನಿ ಬಿದ್ದರೆ ಗಂಟೆಗೆ 12ರಿಂದ 18 ಮಿಲಿಲೀಟರ್, ಹತ್ತು ಗಂಟೆಯ ಕೆಲಸಕ್ಕೆ ಹೆಚ್ಚೆಂದರೆ ಒಂದು ಲೋಟ. ಇಷ್ಟಾದರೆ ಬೆಳಿಗ್ಗೆ, ಮಧ್ಯಾಹ್ನ ಎರಡು ಹೊತ್ತು ಡಬ್ಬಿ ನೋಡಿ ತುಂಬಿಸಿಕೊಂಡು ಹಂಗಾಮು ಮುಗಿಸಬಹುದು. ಹನಿ ಧಾರೆಯಾದರೆ, ಚಕ್ರ ತಿರುಗಿಸುವಾಗ ಪಂಪ್ ಕೊಂಯ್ ಎಂದು ಅರಚಿದರೆ, ಡಬ್ಬಿಯಲ್ಲಿ ನೊರೆ ಎದ್ದರೆ ಅಲ್ಲಿಗೆ ನಿಲ್ಲಿಸಬೇಕು. ಪಂಪ್ ಎಣ್ಣೆಯ ಜೊತೆ ಗಾಳಿ ನುಂಗುತ್ತಿದೆ ಎಂದರ್ಥ. ಹಾಗೆಯೇ ಓಡಿಸಿದರೆ ನೂರು ರೂಪಾಯಿಗಳ ಸೀಲಿನ ಮಾತು ಸಾವಿರಗಳ ಪಂಪಿನ ಮಾತಾಗುತ್ತದೆ. ಹೆಚ್ಚು ಒತ್ತಡದ ಪೈಪಿನಿಂದ ಸೋರುತ್ತಿದ್ದರೆ ಒಂದು ಹನಿಯಾದರೂ ಈ ದಾರಿ ಬೇಡ. ಪೈಪ್ ಜಿನುಗುವುದಕ್ಕೂ ಒಡೆಯುವುದಕ್ಕೂ ನಡುವೆ ಹೆಚ್ಚು ದಿನಗಳಿರುವುದಿಲ್ಲ.

ಅಂಗಡಿಯಲ್ಲಿ ಸೋರಿಕೆ ನಿಲ್ಲಿಸುವ ಔಷಧಿಯ ಬಾಟಲಿಗಳು ಸಿಗುತ್ತವೆ. ಅವು ಮಾಡುವ ಕೆಲಸ ರಬ್ಬರನ್ನು ಸ್ವಲ್ಪ ಉಬ್ಬಿಸಿ ಮೆದು ಮಾಡುವುದು. ವಯಸ್ಸಾಗಿ ಗಟ್ಟಿಯಾದ ಸೀಲಿಗೆ ಕೆಲವು ವಾರ ಉಪಕಾರವಾಗಬಹುದು, ಹರಿದ ಸೀಲಿಗೆ ಏನೂ ಆಗುವುದಿಲ್ಲ. ಇದೇ ತರ್ಕ ಹಿಡಿದು ಕೆಲವರು ಸ್ಟೀರಿಂಗ್ ಡಬ್ಬಿಗೆ ಬ್ರೇಕ್ ಆಯಿಲ್ ಸುರಿಯುತ್ತಾರೆ. ದಯವಿಟ್ಟು ಮಾಡಬೇಡಿ. ಸಾಮಾನ್ಯ ಬ್ರೇಕ್ ಆಯಿಲ್ ಗ್ಲೈಕೋಲಿನಿಂದ ಮಾಡಿದ್ದು, ಸ್ಟೀರಿಂಗ್ ಸೀಲುಗಳ ರಬ್ಬರ್ ಪೆಟ್ರೋಲಿಯಂ ಎಣ್ಣೆಗಾಗಿ ಆರಿಸಿದ್ದು. ಒಂದೆರಡು ದಿನ ಸೋರಿಕೆ ನಿಂತಂತೆ ಕಾಣುತ್ತದೆ, ಆಮೇಲೆ ಪಂಪಿನಿಂದ ಸಿಲಿಂಡರ್‌ವರೆಗೆ ಒಂದೊಂದು ಸೀಲೂ ಉಬ್ಬಿ ಹಾಳಾಗುತ್ತದೆ.

ಪೈಪ್: ಇಲ್ಲಿ ಲೆಕ್ಕಾಚಾರ ಬೇಡ

ಪೈಪಿನ ವಿಷಯದಲ್ಲಿ ನನ್ನ ತೀರ್ಮಾನ ಚಿಕ್ಕದು. ಒತ್ತಡದ ಪೈಪ್ ಸೋರಿದರೆ ಹೊಸದು ಹಾಕಿಸಿ. ಸೋರುವ ಜಾಗ ಕತ್ತರಿಸಿ ನಡುವೆ ಕೊಳವೆ ತುಂಡು ತುರುಕಿ ಎರಡೂ ಕಡೆ ಕ್ಲಿಪ್ ಬಿಗಿಯುವುದು, ಟ್ಯೂಬು ಸುತ್ತುವುದು, ಎಂ-ಸೀಲ್ ಮೆತ್ತುವುದು ಇವು ಯಾವುವೂ ರಿಪೇರಿಯಲ್ಲ. ಡಬ್ಬಿಗೆ ವಾಪಸು ಬರುವ ಪೈಪಿನಲ್ಲಿ ಒತ್ತಡ ಕಡಿಮೆ, ಅಲ್ಲಿ ಮಾತ್ರ ಎಣ್ಣೆಗೆ ತಡೆಯುವ ಹೋಸ್ ಹಾಕಿ ಒಳ್ಳೆಯ ಕ್ಲಿಪ್ ಬಿಗಿದರೆ ನಡೆಯುತ್ತದೆ.

ಆಯ್ಕೆಯಿರುವುದು ಕಂಪನಿಯ ಪೈಪೋ, ಊರಿನ ಅಂಗಡಿಯಲ್ಲಿ ಕ್ರಿಂಪ್ ಮಾಡಿಸಿದ, ಅಂದರೆ ಹೋಸಿನ ತುದಿಗೆ ಲೋಹದ ಜೋಡಣೆಯನ್ನು ಯಂತ್ರದಿಂದ ಒತ್ತಿ ಬಿಗಿಸಿದ ಪೈಪೋ ಎಂಬಲ್ಲಿ. ಹಳೆಯ ಗಾಡಿಗೆ ನಾನು ಕ್ರಿಂಪ್ ಮಾಡಿಸಿದ್ದನ್ನೇ ಆರಿಸುತ್ತೇನೆ. ಜೆಸಿಬಿಗಳು ಓಡಾಡುವ ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ಈಗ ಹೋಸ್ ಕ್ರಿಂಪ್ ಮಾಡುವ ಯಂತ್ರವಿದೆ, ಹಳೆಯ ಪೈಪ್ ಬಿಚ್ಚಿಕೊಂಡು ಹೋದರೆ ಅದೇ ಅಳತೆಗೆ, ಅದೇ ತುದಿಗಳಿಗೆ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾರೆ. ಒಂದು ಪದರ ತಂತಿಯ ಹೋಸೂ ಎರಡು ಪದರದ್ದೂ ಇರುತ್ತದೆ. 3/8 ಇಂಚಿನ ಒಂದು ಪದರದ್ದು ಸುಮಾರು 180 ಬಾರ್‌ಗೆ, ಎರಡು ಪದರದ್ದು ಸುಮಾರು 330 ಬಾರ್‌ಗೆ ತಯಾರಾದದ್ದು. ಸ್ಟೀರಿಂಗಿಗೆ ಮೊದಲನೆಯದೂ ಸಾಲುತ್ತದೆ, ಆದರೆ ಬೆಲೆಯ ಅಂತರ ಅಷ್ಟಿಲ್ಲದ ಕಾರಣ ಎರಡು ಪದರದ್ದನ್ನೇ ಕೇಳಿ. ಅದು ಸ್ವಲ್ಪ ಬಿರುಸು, ಹಾಗಾಗಿ ಬಾಗುವ ಜಾಗಕ್ಕೆ ಸ್ವಲ್ಪ ಉದ್ದ ಬಿಡಬೇಕು. ಹೋಸಿನ ಮೇಲೆ ಅಚ್ಚಾದ ಗೆರೆ ನೆಟ್ಟಗೆ ಓಡುವಂತೆ ಕೂರಿಸಿ, ಗೆರೆ ತಿರುಚಿಕೊಂಡಿದ್ದರೆ ಹೋಸ್ ಕೂಡ ತಿರುಚಿಕೊಂಡಿದೆ, ತುದಿ ಬೇಗ ಬಿಟ್ಟುಕೊಳ್ಳುತ್ತದೆ. ಆ್ಯಕ್ಸಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ಹೊರಳಿದಾಗ ಪೈಪ್ ಎಲ್ಲಿ ಉಜ್ಜುತ್ತದೆ ಎಂದು ನೋಡಿ. ಮೊದಲ ಪೈಪ್ ಹಾಳಾದದ್ದು ಉಜ್ಜಿಯೇ ಆಗಿದ್ದರೆ ಎರಡನೆಯದೂ ಅಲ್ಲಿಯೇ ಹಾಳಾಗುತ್ತದೆ.

ಪೈಪ್ ಚೆನ್ನಾಗಿದ್ದು ಜೋಡಣೆಯ ನಟ್ ಬಳಿ ಸೋರಿದರೆ ಇನ್ನೂ ಸುಲಭ. ತಾಮ್ರದ ವಾಷರ್ ಇದ್ದರೆ ಹೊಸದು ಹಾಕಿ. ಹಳ್ಳಿಯಲ್ಲಿ ಸಿಗದಿದ್ದರೆ ಹಳೆಯದನ್ನೇ ಒಲೆಯ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮೆದುವಾಗುತ್ತದೆ, ಮತ್ತೆ ಕಚ್ಚಿ ಹಿಡಿಯುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಇಲ್ಲಿ ಸುತ್ತುವವರನ್ನು ಬಹಳ ಕಂಡಿದ್ದೇನೆ. ಈ ಜೋಡಣೆಗಳು ಬಿಗಿಯುವುದು ವಾಷರಿನಿಂದಲೋ, ಓ ರಿಂಗ್ ಎಂಬ ದುಂಡು ರಬ್ಬರ್ ಉಂಗುರದಿಂದಲೋ, ಕೋನ್ ಆಕಾರದ ಮುಖದಿಂದಲೋ, ಮರೆಯಿಂದ (ತಿರುಪಿನ ಸುತ್ತುಗಳಿಂದ) ಅಲ್ಲ. ಟೇಪಿನ ಚೂರು ಹರಿದು ಎಣ್ಣೆಯ ಜೊತೆ ಆರ್ಬಿಟ್ರೋಲ್ ಒಳಗೆ ಹೋದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಸಿಲಿಂಡರ್: ಉಗುರಿನ ಪರೀಕ್ಷೆ

ಗದ್ದೆಯಲ್ಲಿ ಕೆಲಸ ಮಾಡುವ ಟ್ರ್ಯಾಕ್ಟರ್‌ಗಳಲ್ಲಿ ನಾನು ಕಂಡಂತೆ ಹೆಚ್ಚು ಸೋರುವುದು ಇದೇ. ಕೆಸರಿನಲ್ಲಿ ಮುಳುಗೇಳುವ ರಾಡ್, ಸಂಜೆ ತೊಳೆಯದೆ ನಿಲ್ಲಿಸಿದ ಗಾಡಿ, ಬೆಳಿಗ್ಗೆ ಒಣಗಿದ ಮಣ್ಣಿನ ಸಮೇತ ಒಳಹೋಗುವ ರಾಡ್. ಅದರ ಬಾಯಲ್ಲಿ ಮಣ್ಣು ಕೆರೆದು ಹಾಕಲು ವೈಪರ್ ಎಂಬ ಹೊರಗಿನ ಸೀಲ್ ಇರುತ್ತದೆ, ಎಣ್ಣೆ ತಡೆಯುವ ಸೀಲ್ ಅದರ ಹಿಂದೆ. ಮೊದಲು ವೈಪರ್ ಹರಿಯುತ್ತದೆ, ಆಗ ಯಾರಿಗೂ ಗೊತ್ತಾಗುವುದಿಲ್ಲ. ಮಣ್ಣು ಒಳಗೆ ಹೋಗಿ ರಾಡನ್ನೂ ಒಳಸೀಲನ್ನೂ ಉಜ್ಜಿದ ಮೇಲೆ ಎಣ್ಣೆ ಕಾಣಿಸುತ್ತದೆ.

ನಾನು ಮೂರು ಸಲ ದುಡ್ಡು ಕೊಟ್ಟದ್ದು ಇಲ್ಲಿಯೇ. ಮೊದಲ ಸಲ ಪೇಟೆಯ ಗ್ಯಾರೇಜಿನಲ್ಲಿ ಸೀಲ್ ಕಿಟ್ ಹಾಕಿಸಿದೆ, ಹದಿನೈದು ದಿನಕ್ಕೆ ಮತ್ತೆ ಜಿನುಗಿತು. ಕಿಟ್ ನಕಲಿ ಇರಬೇಕೆಂದು ಬೇರೆ ಅಂಗಡಿಯಿಂದ ತಂದು ಹಾಕಿಸಿದೆ, ಅದೂ ಒಂದು ತಿಂಗಳು. ಮೂರನೆಯ ಸಲ ಹರಿಹರದ ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿ ಹೋದಾಗ ಅವರು ಸೀಲಿನ ಮಾತೇ ಎತ್ತಲಿಲ್ಲ. ಸ್ಟೀರಿಂಗನ್ನು ಒಂದು ತುದಿಗೆ ತಿರುಗಿಸಿಸಿ, ಎಂಜಿನ್ ನಿಲ್ಲಿಸಿಸಿ, ರಾಡ್ ಒರೆಸಿ, ಹೆಬ್ಬೆರಳ ಉಗುರನ್ನು ಅದರ ಮೇಲೆ ಉದ್ದಕ್ಕೂ ಎಳೆದರು. ‘ಇಲ್ಲಿ ನೋಡಿ ಯಜಮಾನರೇ, ಉಗುರು ನಿಲ್ಲುತ್ತದೆ. ಉಗುರು ನಿಂತ ಕಡೆ ರಬ್ಬರ್ ಹರಿಯುತ್ತದೆ. ಬಂಗಾರದ ಸೀಲ್ ತಂದರೂ ಅಷ್ಟೆ’ ಎಂದರು. ರಾಡಿನ ಮೇಲೆ ತುಕ್ಕು ತಿಂದ ಮೂರು ಸಣ್ಣ ಗುಳಿಗಳಿದ್ದವು, ಅಕ್ಕಿಯ ನುಚ್ಚಿನಷ್ಟು. ಎರಡು ಸಲ ಸೀಲ್ ಹಾಕಿದವರಿಗೂ ಹಾಕಿಸಿದ ನನಗೂ ಅವು ಕಂಡಿರಲಿಲ್ಲ.

ಹಾಗಾಗಿ ಸಿಲಿಂಡರಿನ ಆಯ್ಕೆಯನ್ನು ಉಗುರಿಗೆ ಬಿಡಿ. ಉಗುರು ಎಲ್ಲಿಯೂ ತಡೆಯದೆ ಜಾರಿದರೆ ಸೀಲ್ ಕಿಟ್ ಸಾಕು, ನೂರುಗಳ ಲೆಕ್ಕದಲ್ಲಿ ಮುಗಿಯುತ್ತದೆ. ಕೂದಲೆಳೆಯ ಗೀರು ಕಣ್ಣಿಗೆ ಕಂಡರೂ ಉಗುರಿಗೆ ಸಿಗದಿದ್ದರೆ ಅತಿ ನುಣುಪಾದ ಎಮರಿ ಕಾಗದವನ್ನು ಎಣ್ಣೆಯಲ್ಲಿ ಅದ್ದಿ ರಾಡಿನ ಸುತ್ತ ಅಡ್ಡಡ್ಡ ಉಜ್ಜಿ, ಉದ್ದಕ್ಕೆ ಉಜ್ಜಬೇಡಿ, ಉದ್ದದ ಗೀರು ಎಣ್ಣೆಗೆ ಕಾಲುವೆ ತೋಡಿಕೊಟ್ಟಂತೆ. ಉಗುರು ನಿಂತರೆ ಮೂರು ದಾರಿ. ರಾಡಿಗೆ ಮತ್ತೆ ಹಾರ್ಡ್ ಕ್ರೋಮ್ (ಗಟ್ಟಿ ಕ್ರೋಮಿಯಂ ಲೇಪನ) ಮಾಡಿಸುವುದು, ಹೊಸ ರಾಡ್ ಹಾಕಿಸುವುದು, ಸಿಲಿಂಡರನ್ನೇ ಬದಲಿಸುವುದು. ಕ್ರೋಮ್ ಕೆಲಸಕ್ಕೆ ಬೆಂಗಳೂರಿನ ಪೀಣ್ಯಕ್ಕೋ, ಹೈಡ್ರಾಲಿಕ್ ತಯಾರಿಕೆಗೆ ಹೆಸರಾದ ಬೆಳಗಾವಿಗೋ ಕಳಿಸಬೇಕಾಗಬಹುದು, ಗಾಡಿ ಅಷ್ಟು ದಿನ ನಿಲ್ಲುತ್ತದೆ. ಹಳೆಯ ಪದರ ತೆಗೆದು, ಕ್ರೋಮ್ ಏರಿಸಿ, ಮತ್ತೆ ಗ್ರೈಂಡ್ ಮಾಡಿ ಮೂಲ ಅಳತೆಗೆ ತಂದರೆ ಮಾತ್ರ ಅದು ಕೆಲಸ. ಗುಳಿಗೆ ವೆಲ್ಡಿಂಗ್ ತುಂಬಿ ಅರದಿಂದ ಉಜ್ಜಿ ಕೊಡುತ್ತೇವೆ ಎನ್ನುವವರಿಂದ ದೂರವಿರಿ, ರಾಡ್ ಬಾಗುತ್ತದೆ, ಮೇಲ್ಮೈ ಸಮವಾಗುವುದಿಲ್ಲ. ನಿಮ್ಮ ಟ್ರ್ಯಾಕ್ಟರ್ ಈಗಲೂ ರಸ್ತೆಯಲ್ಲಿ ಹೇರಳವಾಗಿ ಕಾಣುವ ಮಾದರಿಯಾದರೆ ಹೊಸ ಸಿಲಿಂಡರ್ ತರುವುದು ಕಾಲಕ್ಕೂ ಲೆಕ್ಕಕ್ಕೂ ಒಳ್ಳೆಯದು. ಬಿಡಿಭಾಗ ಸಿಗದ ಮಾದರಿಯಾದರೆ ಹಳೆಯ ರಾಡೇ ಬಂಗಾರ, ಕ್ರೋಮ್ ಮಾಡಿಸಿ.

ಎಚ್‌ಎಂಟಿ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಹುಟ್ಟಿದ ಆ ಸಂಸ್ಥೆ ಹರಿಯಾಣದ ಪಿಂಜೋರ್‌ನಲ್ಲಿ 1971ರಿಂದ ಟ್ರ್ಯಾಕ್ಟರ್ ತಯಾರಿಸುತ್ತಿತ್ತು, 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಗಾಡಿಗಳು ಇನ್ನೂ ಗದ್ದೆಯಲ್ಲಿವೆ, ತಯಾರಕರು ಇಲ್ಲ. ಇಂಥ ಗಾಡಿಗೆ ಕಿಟ್ ಎಂಬ ಹೆಸರಿನಲ್ಲಿ ಏನೂ ಸಿಗದಿದ್ದರೂ ಚಿಂತೆಯಿಲ್ಲ. ಸೀಲಿಗೆ ಟ್ರ್ಯಾಕ್ಟರಿನ ಹೆಸರು ಬೇಕಿಲ್ಲ, ಅಳತೆ ಬೇಕು. ರಾಡಿನ ದಪ್ಪ, ಸೀಲ್ ಕೂರುವ ತೋಡಿನ ಅಗಲ, ಆಳ ಈ ಮೂರನ್ನು ವರ್ನಿಯರ್‌ನಲ್ಲಿ ಅಳೆದುಕೊಂಡು ಹೋದರೆ ದಾವಣಗೆರೆ, ಹುಬ್ಬಳ್ಳಿಯಂಥ ಊರಿನ ಆಯಿಲ್ ಸೀಲ್ ಅಂಗಡಿಗಳಲ್ಲಿ ಹೊಂದುವುದು ಸಿಗುತ್ತದೆ. ರಾಡ್ ಸೀಲಿಗೆ ಪಾಲಿಯುರೆಥೇನ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಸಾಮಾನ್ಯ ರಬ್ಬರಿಗಿಂತ ಉಜ್ಜಾಟ ತಡೆಯುತ್ತದೆ. ಕೂರಿಸುವಾಗ ಸೀಲಿನ ತುಟಿ ಎಣ್ಣೆಯ ಕಡೆಗಿರಬೇಕು, ವೈಪರಿನ ತುಟಿ ಹೊರಗಿನ ಕೆಸರಿನ ಕಡೆಗೆ. ರಾಡಿನ ತುದಿಯ ಮರೆಗಳ ಮೇಲೆ ಒಂದು ಸುತ್ತು ಟೇಪ್ ಸುತ್ತಿ ಎಣ್ಣೆ ಸವರಿ ಸೀಲನ್ನು ಜಾರಿಸಿ, ಕೂತ ಮೇಲೆ ಟೇಪ್ ಕಿತ್ತುಹಾಕಿ. ಇಲ್ಲವಾದರೆ ಆ ಮರೆಗಳೇ ಹೊಸ ಸೀಲನ್ನು ಕೊಯ್ದುಬಿಡುತ್ತವೆ.

ಆರ್ಬಿಟ್ರೋಲ್: ಬಿಚ್ಚುವ ಮೊದಲು

ಸ್ಟೀರಿಂಗ್ ಕಂಬದ ಬುಡದಲ್ಲಿ, ಕಾಲಿಡುವ ಜಾಗದಲ್ಲಿ ಎಣ್ಣೆ ಕಂಡರೆ ಆರ್ಬಿಟ್ರೋಲ್‌ನ ಮೇಲಿನ ಸೀಲ್ ಹೋಗಿದೆ. ಕೆಳಗಿನ ಮುಚ್ಚಳದ ಜೋಡಣೆಯಿಂದ ಜಿನುಗಿದರೆ ಬೋಲ್ಟ್ ಸಡಿಲವಾಗಿರಬಹುದು, ಇಲ್ಲವೇ ಅಲ್ಲಿನ ಓ ರಿಂಗ್ ಚಪ್ಪಟೆಯಾಗಿರಬಹುದು. ಬೋಲ್ಟುಗಳನ್ನು ಎದುರುಬದುರಾಗಿ ಹದವಾಗಿ ಬಿಗಿದು ನೋಡುವುದು ಮೊದಲ ಕೆಲಸ. ಅತಿಯಾಗಿ ಬಿಗಿದರೆ ಒಳಗಿನ ಗೇರ್ ಹಿಡಿದುಕೊಂಡು ಸ್ಟೀರಿಂಗ್ ಭಾರವಾಗುತ್ತದೆ.

ಮೇಲಿನ ಸೀಲ್ ಹೋಗಿದ್ದರೆ ತಕ್ಷಣ ಕಿಟ್ ತರುವ ಮೊದಲು ಡಬ್ಬಿಗೆ ಹೋಗುವ ವಾಪಸು ಪೈಪನ್ನೂ ಫಿಲ್ಟರನ್ನೂ ನೋಡಿ. ಈ ಸೀಲ್ ತಡೆಯಬೇಕಾದದ್ದು ವಾಪಸು ಎಣ್ಣೆಯ ಅಲ್ಪ ಒತ್ತಡವನ್ನು ಮಾತ್ರ. ಪೈಪ್ ಎಲ್ಲೋ ಮಡಿಚಿಕೊಂಡಿದ್ದರೆ, ಒಳಗೆ ಉಬ್ಬಿ ಕಿರಿದಾಗಿದ್ದರೆ, ಫಿಲ್ಟರ್ ಕೊಳೆ ತುಂಬಿ ಕಟ್ಟಿಕೊಂಡಿದ್ದರೆ ಆ ಒತ್ತಡ ಏರಿ ಸೀಲನ್ನು ಹೊರಗೆ ನೂಕುತ್ತದೆ. ಕಾರಣವನ್ನು ಹಾಗೇ ಬಿಟ್ಟು ಸೀಲ್ ಹಾಕಿಸಿದರೆ ಹೊಸದಕ್ಕೂ ಅದೇ ಗತಿ.

ಆಮೇಲಿನ ಪ್ರಶ್ನೆ ನೀವೇ ಬಿಚ್ಚುವುದೋ, ಅನುಭವಿಗೆ ಕೊಡುವುದೋ. ಸಿಲಿಂಡರನ್ನು ಮನೆಯಲ್ಲಿ ಬಿಚ್ಚಿ ಎಂದು ಧೈರ್ಯ ಹೇಳುವ ನಾನು ಇಲ್ಲಿ ಬೇಡ ಎನ್ನುತ್ತೇನೆ. ಇದರ ಒಳಗೆ ಒಂದರೊಳಗೊಂದು ತಿರುಗುವ ಸ್ಪೂಲ್ ಮತ್ತು ಸ್ಲೀವ್ ಇವೆ, ಅವುಗಳ ನಡುವಿನ ಸಂದು ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಹೊಲದ ಒಂದು ಮರಳಿನ ಕಣ ಸಾಕು ಗೀರು ಬೀಳಲು. ನಡುವೆ ಚಪ್ಪಟೆ ಸ್ಪ್ರಿಂಗುಗಳಿವೆ, ಕೆಲವು ಮಾದರಿಗಳಲ್ಲಿ ಬೋಲ್ಟ್ ರಂಧ್ರದೊಳಗೆ ಪುಟ್ಟ ಗುಂಡು ಇದೆ, ಬಿಚ್ಚುವಾಗ ಉರುಳಿ ಹೋದರೆ ತಿಳಿಯುವುದೂ ಇಲ್ಲ. ಎಲ್ಲಕ್ಕಿಂತ ಮುಖ್ಯ, ಕೆಳಗಿನ ಗೇರನ್ನೂ ಅದನ್ನು ಸ್ಪೂಲಿಗೆ ಜೋಡಿಸುವ ಶಾಫ್ಟನ್ನೂ ಸರಿಯಾದ ಗುರುತಿಗೆ ಕೂರಿಸಬೇಕು. ಒಂದು ಹಲ್ಲು ತಪ್ಪಿದರೂ ಎಂಜಿನ್ ಚಾಲೂ ಆದೊಡನೆ ಸ್ಟೀರಿಂಗ್ ಚಕ್ರ ತಾನಾಗಿಯೇ ಗಿರ್ರನೆ ತಿರುಗಲು ಶುರುವಾಗಬಹುದು. ಅದರ ಕಡ್ಡಿಗಳ ನಡುವೆ ಕೈಯಿದ್ದರೆ ಮುರಿಯುತ್ತದೆ. ಯಾರೇ ಬಿಚ್ಚಿ ಜೋಡಿಸಿರಲಿ, ಮೊದಲ ಸಲ ಚಾಲೂ ಮಾಡುವಾಗ ಕೈಗಳನ್ನು ಚಕ್ರದಿಂದ ದೂರವಿಡಿ.

ಸೀಲ್ ಕಿಟ್ ಹಾಕುವ ಮೇಸ್ತ್ರಿ ಒಳಭಾಗ ತೆಗೆದಾಗ ನೀವೂ ಹತ್ತಿರ ನಿಂತು ನೋಡಿ. ಸ್ಪೂಲ್ ಕನ್ನಡಿಯಂತೆ ಹೊಳೆಯುತ್ತಿದ್ದರೆ ಕಿಟ್ ಸಾಕು. ಸುತ್ತಲೂ ಗೀರುಗಳಿದ್ದರೆ, ಅದಕ್ಕೂ ಮೊದಲೇ ಚಕ್ರವನ್ನು ತುದಿಗೆ ತಿರುಗಿಸಿ ಹಿಡಿದಾಗಲೂ ಅದು ನಿಲ್ಲದೆ ನಿಧಾನವಾಗಿ ಜಾರುತ್ತಿದ್ದರೆ, ಎಣ್ಣೆ ಒಳಗೊಳಗೇ ದಾಟುತ್ತಿದೆ. ಆ ಜಾರುವಿಕೆ ಸಿಲಿಂಡರಿನ ಪಿಸ್ಟನ್ ಸೀಲಿನಿಂದಲೂ ಆಗಬಹುದು, ಆದ್ದರಿಂದ ಮೊದಲು ಅದನ್ನು ಪರೀಕ್ಷಿಸಿ. ಸ್ಪೂಲೇ ಸವೆದಿದ್ದರೆ ಕಿಟ್ ಹೊರಗಿನ ಸೋರಿಕೆಯನ್ನು ನಿಲ್ಲಿಸುತ್ತದೆಯೇ ಹೊರತು ಒಳಗಿನದನ್ನಲ್ಲ. ಅಂಥಲ್ಲಿ ಸಾವಿರಗಳಾದರೂ ಹೊಸ ಯೂನಿಟ್ ಹಾಕಿಸುವುದೇ ಸರಿ. ಗುಜರಿಯ ಸೆಕೆಂಡ್ ಹ್ಯಾಂಡ್ ಯೂನಿಟ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರ ಒಳಗೆ ಏನಿದೆ ಎಂಬುದು ಹಾಕಿ ನೋಡಿದ ಮೇಲೆಯೇ ತಿಳಿಯುವುದು. ಬದಲಾಯಿಸಿಕೊಡುತ್ತೇನೆ ಎಂಬ ಮಾತಿಲ್ಲದೆ ನಾನು ಅದನ್ನು ಕೊಳ್ಳುವುದಿಲ್ಲ. ಹೊಸದನ್ನು ಕೊಳ್ಳುವಾಗ ಹಳೆಯದರ ಪಟ್ಟಿಯ ಮೇಲಿನ ಸಂಖ್ಯೆ ನೋಡಿಕೊಳ್ಳಿ. 80, 100, 125 ಎಂಬಂತೆ ಇರುವುದು ಚಕ್ರದ ಒಂದು ಸುತ್ತಿಗೆ ಅದು ಎಷ್ಟು ಘನ ಸೆಂಟಿಮೀಟರ್ ಎಣ್ಣೆ ಕಳಿಸುತ್ತದೆ ಎಂಬ ಲೆಕ್ಕ. 100ರ ಜಾಗಕ್ಕೆ 80 ಹಾಕಿದರೆ ನಾಲ್ಕು ಸುತ್ತಿಗೆ ಮುಗಿಯುತ್ತಿದ್ದ ತಿರುವು ಐದು ಸುತ್ತು ಬೇಡುತ್ತದೆ, ಬದುವಿನ ಅಂಚಿನಲ್ಲಿ ಗಾಡಿ ಹೊರಳಿಸುವಾಗ ಅದರ ಕಷ್ಟ ತಿಳಿಯುತ್ತದೆ.

ಪಂಪ್, ಮತ್ತು ಸಾದಾ ಸ್ಟೀರಿಂಗಿನ ಮಾತು

ಪಂಪಿನ ಶಾಫ್ಟ್ ಸೀಲ್ ಬದಲಿಸುವುದು ಕಡಿಮೆ ಖರ್ಚಿನ ಕೆಲಸ, ಆದರೆ ಇಲ್ಲಿಯೂ ಉಗುರಿನ ಪರೀಕ್ಷೆಯೇ. ಸೀಲ್ ಉಜ್ಜುವ ಜಾಗದಲ್ಲಿ ಶಾಫ್ಟಿನ ಸುತ್ತ ಉಂಗುರದಂತೆ ತೋಡು ಬಿದ್ದಿದ್ದರೆ, ಇಲ್ಲವೇ ಶಾಫ್ಟ್ ಹಿಡಿದು ಅಲುಗಿಸಿದಾಗ ಆಡುತ್ತಿದ್ದರೆ ಬುಷ್ ಸವೆದಿದೆ. ಆಗ ಪಂಪನ್ನೇ ಬದಲಿಸಿ. ಸ್ಟೀರಿಂಗ್ ಎಣ್ಣೆ ಎಂಜಿನ್ನಿಗೆ ಇಳಿದಿದ್ದರೆ ಎಂಜಿನ್ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸದೆ ಗಾಡಿ ಹೊರಡಿಸಬೇಡಿ.

ಪವರ್ ಸ್ಟೀರಿಂಗ್ ತೆಗೆಸಿ ಸಾದಾ ಸ್ಟೀರಿಂಗ್ ಹಾಕಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಸ್ಟೀರಿಂಗ್ ಗೇರ್ ಬಾಕ್ಸ್, ಡ್ರ್ಯಾಗ್ ಲಿಂಕ್, ಆರ್ಮ್‌ಗಳು, ಅವುಗಳಿಗೆ ಹೊಂದುವ ಬ್ರಾಕೆಟ್ ಎಲ್ಲ ಸೇರಿದರೆ ಹೊಸ ಸಿಲಿಂಡರಿನ ಬೆಲೆ ಎಲ್ಲಿಯೋ ಹಿಂದೆ ಉಳಿಯುತ್ತದೆ. ಅದೇ ಮಾದರಿಯ ಸಾದಾ ಸ್ಟೀರಿಂಗಿನ ಗಾಡಿ ಕಂಪನಿಯಿಂದಲೇ ಬಂದಿದ್ದು, ಅದರ ಪೂರ್ತಿ ಸೆಟ್ ಒಂದೇ ಗಾಡಿಯಿಂದ ಸಿಗುವಂತಿದ್ದರೆ ಮಾತ್ರ ಯೋಚಿಸಬಹುದು. ಮುಂದೆ ಲೋಡರ್ ಕಟ್ಟುವವರಂತೂ ಈ ಯೋಚನೆಯನ್ನೇ ಮಾಡಬಾರದು. ಕೆಸರಿನಲ್ಲಿ ದಿನವಿಡೀ ಭಾರದ ಚಕ್ರ ತಿರುಗಿಸಿ ಹೆಗಲು ಹಿಡಿಸಿಕೊಂಡ ನಮ್ಮ ತಂದೆಯನ್ನು ಕಂಡವನು ನಾನು.

ಕೆಲಸ ಮುಗಿದ ಮೇಲೆ

ಯಾವ ಎಣ್ಣೆ ಹಾಕಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ. ಕೆಲವಕ್ಕೆ ಕೆಂಪು ಬಣ್ಣದ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ), ಕೆಲವಕ್ಕೆ ಹೈಡ್ರಾಲಿಕ್ ಎಣ್ಣೆ, ಇನ್ನು ಕೆಲವಕ್ಕೆ 20ಡಬ್ಲ್ಯೂ40 ಎಂಜಿನ್ ಎಣ್ಣೆ. ಗಾಡಿಯ ಪುಸ್ತಕ ಹೇಳಿದ್ದನ್ನೇ ಹಾಕಿ, ಮುಂಚೆ ಬೇರೆ ಬೇರೆ ಬೆರೆಸಿದ್ದರೆ ಈ ಸಲ ಪೂರ್ತಿ ಇಳಿಸಿ ತುಂಬಿಸಿ. ಗಾಳಿ ತೆಗೆಯಲು ಮುಂದಿನ ಆ್ಯಕ್ಸಲನ್ನು ಜಾಕ್ ಕೊಟ್ಟು ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿ ಇಟ್ಟು, ಎಂಜಿನ್ ನಿಧಾನ ವೇಗದಲ್ಲಿರುವಾಗ ಚಕ್ರವನ್ನು ತುದಿಯಿಂದ ತುದಿಗೆ ಹಲವು ಸಲ ತಿರುಗಿಸಿ. ತುದಿಯಲ್ಲಿ ಒತ್ತಿ ಹಿಡಿಯಬೇಡಿ. ನಡುನಡುವೆ ಡಬ್ಬಿ ನೋಡಿ ತುಂಬಿಸುತ್ತಿರಿ, ನೊರೆ ಅಡಗುವವರೆಗೆ.

ಆ ರಾತ್ರಿ ಗಾಡಿಯ ಕೆಳಗೆ ಒಣ ರಟ್ಟನ್ನು ಹಾಸಿ ನಿಲ್ಲಿಸಿ. ಒಂದೇ ಕಡೆ ರಾಡ್ ಇರುವ ಸಿಲಿಂಡರಾದರೆ ರಾಡ್ ಒಳಗೆ ಹೋಗುವಂತೆ ಚಕ್ರ ತಿರುಗಿಸಿಯೇ ಎಂಜಿನ್ ನಿಲ್ಲಿಸಿ, ಎರಡು ಕಡೆಯೂ ಇದ್ದರೆ ಹೊರಗುಳಿದ ಭಾಗವನ್ನು ತೊಳೆದು ಎಣ್ಣೆಯ ಬಟ್ಟೆಯಿಂದ ಒರೆಸಿ. ಮೇಸ್ತ್ರಿ ರಾಡ್ ಬದಲಿಸಿಕೊಟ್ಟ ದಿನದಿಂದ ಈ ಒರೆಸುವ ಕೆಲಸವನ್ನು ನಮ್ಮ ಮನೆಯಲ್ಲಿ ಯಾರೂ ಒಂದು ಸಂಜೆಯೂ ತಪ್ಪಿಸಿಲ್ಲ, ನಾಲ್ಕು ನಾಟಿ ಕಳೆದಿವೆ, ಆ ಸೀಲ್ ಇನ್ನೂ ಒಣಗಿಯೇ ಇದೆ.